ಯಾರು ಕೆಲಸ ಬಿಟ್ಟರು, ಯಾಕೆ ಬಿಟ್ಟರು: ನನ್ನ ಪ್ರಾಜೆಕ್ಟ್ ಎಲ್ಲಿಗೆ ಬಂತು

ರಾಜೀನಾಮೆ ಪತ್ರ ಓದಿದರೆ ಏನೂ ಗೊತ್ತಾಗಲ್ಲ. ಎಲ್ಲರೂ ಬರೆಯುವುದು ಒಂದೇ, 'ವೈಯಕ್ತಿಕ ಕಾರಣಗಳಿಂದ'. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಮ್ಮ ಭಾವ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತಾರೆ. ಅವರ ಹತ್ತಿರ ಇಂಥ ಪತ್ರಗಳ ಒಂದು ದಪ್ಪ ಫೈಲೇ ಇದೆ. ಪತ್ರ ಪಕ್ಕಕ್ಕಿಟ್ಟು ಅಂಕಿ ನೋಡಿದರೆ ಕಾರಣ ಕಾಣುತ್ತಾ ಅಂತ ಶುರುವಾದ ಹವ್ಯಾಸ ಇದು. ಕೋಡ್ ಬರೆಯುವ ಪೈಥಾನ್, ಅದರಲ್ಲಿ ಡೇಟಾ ಜೋಡಿಸುವ ಪಾಂಡಾಸ್ ಕೈಗೆ ಹತ್ತಿದೆ. ಈಗ ಸಂಖ್ಯಾಶಾಸ್ತ್ರದ ಟೆಸ್ಟ್‌ಗಳ ಸರದಿ.

ಅಭ್ಯಾಸಕ್ಕೆ ಇಟ್ಟುಕೊಂಡಿರುವುದು ಐಬಿಎಂನವರ ಡೇಟಾ. 1470 ಸಾಲು, 35 ಕಾಲಂ. ಕೆಲಸ ಬಿಟ್ಟವರು 237, ಅಂದರೆ ನೂರಕ್ಕೆ ಸುಮಾರು 16. ಇವರ್ಯಾರೂ ನಿಜವಾದ ನೌಕರರಲ್ಲ. ಕಂಪನಿಯ ಡೇಟಾ ಸೈಂಟಿಸ್ಟ್‌ಗಳೇ ಕಟ್ಟಿದ ಕಾಲ್ಪನಿಕ ಡೇಟಾ. ಹಾಗಾಗಿ ಇದರಲ್ಲಿ ಸಿಕ್ಕಿದ್ದನ್ನು ಹಾಗೇ ಹೆಬ್ಬಾಳಕ್ಕೆ ಹೊತ್ತುಕೊಂಡು ಹೋಗೋ ಹಾಗಿಲ್ಲ. ಮೂರು ಕಾಲಂ ಮೊದಲೇ ಕಿತ್ತು ಹಾಕಿದೆ. ಒಂದರಲ್ಲಿ ಎಲ್ಲರಿಗೂ 1, ಇನ್ನೊಂದರಲ್ಲಿ ಎಲ್ಲರೂ 18 ದಾಟಿದವರು, ಮತ್ತೊಂದರಲ್ಲಿ ಎಲ್ಲರಿಗೂ 80 ಗಂಟೆ. ಬದಲಾಗದ ಕಾಲಂ ಏನು ತಾನೇ ಹೇಳುತ್ತೆ? ನೌಕರರ ನಂಬರ್ ಕೂಡ ಹೋಯಿತು. ಕೆಲಸ ಬಿಟ್ಟರಾ ಇಲ್ವಾ ಅನ್ನುವ ಕಾಲಂ ಪಕ್ಕಕ್ಕಿಟ್ಟರೆ, ಪರೀಕ್ಷೆ ಮಾಡಲು ಉಳಿದದ್ದು 30 ಕಾಲಂ.

ಮೊದಲು ಓವರ್‌ಟೈಮ್. ಓಟಿ ಮಾಡುವವರು 416 ಜನ, ಅವರಲ್ಲಿ ಬಿಟ್ಟವರು 127. ಮಾಡದವರು 1054, ಅವರಲ್ಲಿ ಬಿಟ್ಟವರು 110. ಕೈ-ಸ್ಕ್ವೇರ್ ಟೆಸ್ಟ್ ಕೇಳುವ ಪ್ರಶ್ನೆ ಸರಳ. ಓಟಿಗೂ ಬಿಡುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಆ 416ರಲ್ಲಿ ಎಷ್ಟು ಜನ ಬಿಡಬೇಕಿತ್ತು? ಲೆಕ್ಕ ಹಾಕಿದರೆ 67. ಬಿಟ್ಟಿರುವುದು 127. ಟೆಸ್ಟ್ ಕೊಟ್ಟ ಮೌಲ್ಯ 87.6, ಪಿ-ವ್ಯಾಲ್ಯೂನಲ್ಲಿ (ಸಂಬಂಧವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ) ಬಿಂದುವಿನ ನಂತರ ಇಪ್ಪತ್ತು ಸೊನ್ನೆ. ಸುಮ್ನೆ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರಲ್ಲ.

ಆದರೆ ಸೊನ್ನೆ ಎಣಿಸಿ ಹಿಗ್ಗುವ ಹಾಗಿಲ್ಲ. ಸಂಬಂಧ ಸ್ವಲ್ಪವೇ ಇದ್ದರೂ, ಸಾಲುಗಳು ಜಾಸ್ತಿ ಇದ್ದಷ್ಟೂ ಪಿ ಚಿಕ್ಕದಾಗುತ್ತೆ. ಸಂಬಂಧ ಎಷ್ಟು ಗಟ್ಟಿ ಅಂತ ನೋಡಲು ಕ್ರಾಮರ್ಸ್ ವಿ ಅಂತ ಬೇರೆ ಅಳತೆ ಇದೆ. 0ಯಿಂದ 1ರವರೆಗೆ. ಇಲ್ಲಿ ಬಂದದ್ದು 0.25. ಸಂಬಂಧ ಇದೆ, ಆದರೆ ಓಟಿಯೇ ಎಲ್ಲ ಅಲ್ಲ.

ಇದನ್ನು ಭಾವನಿಗೆ ತೋರಿಸಿದೆ. ಅವರು ಮಂಡ್ಯದವರು, ನಕ್ಕುಬಿಟ್ಟರು. "ಓಟಿ ಇಲ್ಲ ಅಂದ್ರೇನೇ ನಮ್ಮ ಹುಡುಗ್ರು ಬಿಟ್ಟೋಯ್ತಾರೆ ಕಣ್ಲಾ!" ಮಾತು ನಿಜ. ನಮ್ಮಲ್ಲಿ ಕಾರ್ಖಾನೆ ಓಟಿಗೆ ಡಬಲ್ ಕೂಲಿ, 1948ರ ಕಾರ್ಖಾನೆ ಕಾಯ್ದೆಯಿಂದಲೂ ಹಾಗೇ. ಐಬಿಎಂ ಡೇಟಾದಲ್ಲಿ ಇರುವುದು ಹೌದು, ಇಲ್ಲ ಅಷ್ಟೇ. ಆ ಓಟಿಗೆ ದುಡ್ಡು ಸಿಕ್ಕಿತಾ, ತಾನಾಗಿ ಕೇಳಿ ಮಾಡಿದ್ದಾ, ಸೂಪರ್‌ವೈಸರ್ ಬಲವಂತಕ್ಕೆ ಉಳಿದದ್ದಾ, ಯಾವುದೂ ಇಲ್ಲ. ವ್ಯತ್ಯಾಸ ಇದೆ ಅನ್ನುವವರೆಗೆ ಮಾತ್ರ ಟೆಸ್ಟ್ ಬರುತ್ತೆ. ಯಾಕೆ ಅಂತ ಕೇಳಲು ಶಾಪ್ ಫ್ಲೋರ್‌ಗೇ ಹೋಗಬೇಕು.

ಸಂಬಳ ಇನ್ನೂ ಸಿಕ್ಕುಸಿಕ್ಕಾಗಿದೆ. ಬಿಟ್ಟವರ ಮಧ್ಯಾಂಕ (ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಡುವಿನವನ ಸಂಬಳ) 3202, ಉಳಿದವರದ್ದು 5204. ಮೇಲ್ಗಡೆಯ ಕೆಲವರ ದೊಡ್ಡ ಸಂಬಳ ಸರಾಸರಿಯನ್ನು ಎಳೆದುಬಿಡುತ್ತೆ ಅಂತ ಸರಾಸರಿ ಹೋಲಿಸುವ ಟಿ-ಟೆಸ್ಟ್ ಬದಲು, ಯಾರು ಮೇಲೆ ಯಾರು ಕೆಳಗೆ ಅನ್ನುವ ಕ್ರಮ ಮಾತ್ರ ನೋಡುವ ಮಾನ್-ವಿಟ್ನಿ ಟೆಸ್ಟ್ ಹಾಕಿದೆ. (ಟಿ-ಟೆಸ್ಟ್ ಹುಟ್ಟಿದ ಕಥೆ ಚೆನ್ನಾಗಿದೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ನೌಕರ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಅದನ್ನು ಪ್ರಕಟಿಸಿದ.) ವ್ಯತ್ಯಾಸ ಎದ್ದು ಕಾಣುತ್ತೆ. ಆದರೆ ಈ ಡೇಟಾದಲ್ಲಿ ಸಂಬಳವೂ ಹುದ್ದೆಯ ಮಟ್ಟವೂ ಹೆಚ್ಚುಕಡಿಮೆ ಒಂದೇ, ಸಹಸಂಬಂಧ 0.95 (1 ಬಂದರೆ ಎರಡೂ ಪೂರ್ತಿ ಜೊತೆಜೊತೆಗೆ ಏರುತ್ತವೆ ಅಂತ). ಮೊದಲ ಮಟ್ಟದ 543 ಜನರಲ್ಲಿ 143 ಜನ ಹೋಗಿದ್ದಾರೆ. ಎರಡನೇ ಮಟ್ಟದ 534ರಲ್ಲಿ ಬರೀ 52. ಸಂಬಳ ಕಮ್ಮಿ ಅಂತ ಹೋದರಾ, ಹೊಸಬರು ಅಂತ ಹೋದರಾ? ಒಂದೊಂದೇ ಕಾಲಂ ಹಿಡಿದು ಟೆಸ್ಟ್ ಮಾಡಿದರೆ ಬಿಡಿಸಲು ಆಗಲ್ಲ.

ಗಂಡು, ಹೆಣ್ಣು ಅನ್ನುವ ಕಾಲಂನಲ್ಲಿ ಏನೂ ಸಿಗಲಿಲ್ಲ. ಪಿ 0.29.

ನನಗೆ ಕುತೂಹಲ ಇದ್ದದ್ದು ದೂರದ ಬಗ್ಗೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ದಿನಾ ಓಡಾಡುವವರು ಎಷ್ಟೋ ಜನ. ಡೇಟಾದಲ್ಲಿ ಮನೆಯಿಂದ ದೂರ 1ರಿಂದ 29. ಮೈಲಿಯೋ ಕಿಲೋಮೀಟರೋ, ಬರೆದಿಲ್ಲ. ಮೈಲಿ ಆದರೆ ಮಂಡ್ಯದವನು ಕೊನೆಯಲ್ಲಿ ಹೇಗೋ ತೂರಿಕೊಳ್ಳುತ್ತಾನೆ, ಕಿಲೋಮೀಟರ್ ಆದರೆ ಅವನಿಗೆ ಜಾಗವೇ ಇಲ್ಲ! ಬಿಟ್ಟವರ ಸರಾಸರಿ 10.6, ಉಳಿದವರದ್ದು 8.9. ಪಿ 0.003ರ ಆಸುಪಾಸು. ಪಿ 0.05ಕ್ಕಿಂತ ಕಮ್ಮಿ ಇದ್ದರೆ ಲೆಕ್ಕಕ್ಕೆ ಬರುತ್ತೆ ಅನ್ನುವುದು ವಾಡಿಕೆಯ ಗೆರೆ. ಅದನ್ನು ಆರಾಮಾಗಿ ದಾಟಿತು, ಅಲ್ವಾ?

ಇಲ್ಲೇ ತಡೆ. 30 ಟೆಸ್ಟ್ ಮಾಡಿದರೆ, ಯಾವುದರಲ್ಲೂ ಏನೂ ಇಲ್ಲದಿದ್ದರೂ, ಒಂದೋ ಎರಡೋ ಸುಮ್ನೆ ಗೆರೆ ದಾಟುತ್ತವೆ. ಅದಕ್ಕೆ ಬಾನ್‌ಫೆರೋನಿ ತಿದ್ದುಪಡಿ: 0.05 ಅನ್ನು 30ರಿಂದ ಭಾಗಿಸು. ಹೊಸ ಗೆರೆ ಸುಮಾರು 0.0017. ದೂರ ಅದನ್ನು ದಾಟಲ್ಲ. ಓಟಿ, ಸಂಬಳ ದಾಟುತ್ತವೆ. ಬಾನ್‌ಫೆರೋನಿ ಸ್ವಲ್ಪ ಕಟ್ಟುನಿಟ್ಟು ಅಂತ ನನಗೂ ಅನ್ನಿಸುತ್ತೆ. ಆದರೂ ದೂರವನ್ನು ಸದ್ಯಕ್ಕೆ 'ಇರಬಹುದು' ಪಟ್ಟಿಗೆ ಹಾಕಿದ್ದೇನೆ. ನಮ್ಮ ಕಡೆ ಕಿಲೋಮೀಟರ್‌ಗಿಂತ ಕಂಪನಿ ಬಸ್ ಎಲ್ಲಿವರೆಗೆ ಬರುತ್ತೆ ಅನ್ನುವುದೇ ಮುಖ್ಯ. ಬಸ್ ಬರುವ ಮದ್ದೂರು ಹತ್ತಿರ, ಬಾರದ ಪಾಂಡವಪುರ ದೂರ.

ಮುಂದಿನದು ಲಾಜಿಸ್ಟಿಕ್ ರಿಗ್ರೆಶನ್, ಹಲವು ಕಾರಣ ಒಟ್ಟಿಗೆ ಹಿಡಿದು ಬಿಡುವ ಸಾಧ್ಯತೆ ಲೆಕ್ಕ ಹಾಕುವ ವಿಧಾನ. ಓಟಿ, ಹುದ್ದೆ ಮಟ್ಟ, ದೂರ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಆಮೇಲೆ ಎಷ್ಟು ತಿಂಗಳಾದ ಮೇಲೆ ಎಷ್ಟು ಜನ ಉಳಿದಿದ್ದಾರೆ ಅಂತ ನೋಡುವ ಕಪ್ಲಾನ್-ಮೇಯರ್, ಯಾಕೆಂದರೆ ಮೂರೇ ತಿಂಗಳಿಗೆ ಬಿಟ್ಟವನನ್ನೂ ಹತ್ತು ವರ್ಷಕ್ಕೆ ಬಿಟ್ಟವನನ್ನೂ ಕೈ-ಸ್ಕ್ವೇರ್ ಒಂದೇ ಅಂತ ಎಣಿಸುತ್ತೆ. ಹೆಸರು, ನಂಬರ್ ತೆಗೆದು ಕಾರ್ಖಾನೆಯ ಒಂದು ಶೀಟ್ ಕೊಡಲು ಭಾವನ ಸಾಹೇಬರು ಒಪ್ಪಿದ್ದಾರೆ. ಕೇಳಿರುವ ಕಾಲಂಗಳು: ಸೇರಿದ ತಿಂಗಳು, ಬಿಟ್ಟ ತಿಂಗಳು, ಶಿಫ್ಟ್, ಓಟಿ ಗಂಟೆ, ಬಸ್ ಇದೆಯಾ ಇಲ್ವಾ. ಗುತ್ತಿಗೆದಾರರ ಕಡೆಯ ಹುಡುಗರು ಆ ಶೀಟ್‌ನಲ್ಲಿ ಇಲ್ಲ. ಜಾಸ್ತಿ ಬಿಟ್ಟು ಹೋಗುವವರು ಅವರೇ ಅಂತ ಭಾವ ಹೇಳುತ್ತಾರೆ. ಅವರ ಹಾಜರಿ ಪುಸ್ತಕ ಗುತ್ತಿಗೆದಾರರ ಹತ್ತಿರ ಇದೆ, ಕೇಳಿ ನೋಡಬೇಕು.