ಬೋಗ್ಮಾಲೊದ ಸೀ ಹಾಕ್ ನೋಡಲು ಹೋಗುವವರಿಗೆ: ಉಡುಪಿಯಿಂದ ಎರಡು ದಿನ

ಮೊದಲೇ ಹೇಳಿಬಿಡುತ್ತೇನೆ, ಸೋಮವಾರ ಹೋಗಬೇಡಿ. ನಾವು ಮೊದಲ ಸಲ ಉಡುಪಿಯಿಂದ ಗೋವಾಕ್ಕೆ ಕಾರಿನಲ್ಲಿ ಹೋಗಿ, ಬೋಗ್ಮಾಲೊದ ನೌಕಾಪಡೆ ವಿಮಾನ ಮ್ಯೂಸಿಯಂ ಎದುರು ನಿಂತಾಗ ಗೇಟಿಗೆ ಬೀಗ. ಸೋಮವಾರ ರಜೆ. ಅಕ್ಕನ ಮಗ ಸರಳು ಹಿಡಿದುಕೊಂಡು ಒಳಗೆ ಕಾಣುತ್ತಿದ್ದ ವಿಮಾನಗಳ ಬಾಲ ಎಣಿಸಿದ. ಭಾವ ನನ್ನ ಮುಖ ನೋಡಿದರು. ಪ್ಲಾನ್ ಮಾಡಿದವನು ನಾನೇ, ಇನ್ನು ಯಾರಿಗೆ ಬಯ್ಯುವುದು?

ಈ ಜನವರಿಯಲ್ಲಿ ಮತ್ತೆ ಹೋದೆವು, ಬುಧವಾರ ನೋಡಿಕೊಂಡು. ಕಾರಣವೂ ಗಟ್ಟಿಯಾಗಿತ್ತು. ಒಂಬತ್ತನೇ ಕ್ಲಾಸಿನ ನಮ್ಮ ಅಳಿಯ, ಅದೇ ಅಕ್ಕನ ಮಗ, ಶಾಲೆಯ ವಸ್ತುಪ್ರದರ್ಶನಕ್ಕೆ ರಟ್ಟಿನಲ್ಲಿ ಒಂದು ಸೀ ಹಾಕ್ ಮಾಡಿದ್ದ. 1971ರ ಯುದ್ಧದಲ್ಲಿ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ನಿಂದ ಹಾರಿದ ಯುದ್ಧವಿಮಾನ. ನೋಡಲು ಬಂದವರೊಬ್ಬರು "ಇದರಲ್ಲಿ ಏನೋ ತಪ್ಪಿದೆ ಮಾರಾಯ" ಎಂದರಂತೆ. ಏನು ತಪ್ಪು ಅಂತ ಹೇಳದೇ ಹೋದರು. ಅಲ್ಲಿಂದ ಇವನಿಗೆ ನಿದ್ದೆ ಇಲ್ಲ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಉಡುಪಿಯಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 220 ಕಿ.ಮೀ. ಅಲ್ಲಿಂದ ಬೋಗ್ಮಾಲೊಗೆ ಇನ್ನೊಂದು ನೂರು. ಮಂಗಳೂರಿನವರು ಇದಕ್ಕೆ ಮತ್ತೆ 55–60 ಸೇರಿಸಿಕೊಳ್ಳಿ. ಬೆಳಗ್ಗೆ ಐದಕ್ಕೆ ಹೊರಟರೆ ಭಟ್ಕಳ ದಾಟುವಾಗ ಬಿಸಿಲು ಏರಿರುವುದಿಲ್ಲ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಎನ್ನುವ ಹಟ ಬೇಡ, ಡ್ರೈವ್ ಮಾಡುವವರ ಸೊಂಟ ಹೋಗುತ್ತದೆ. ನಾವು ಮೊದಲ ದಿನ ಆರಾಮಾಗಿ ಹೋಗಿ ವಾಸ್ಕೋದಲ್ಲಿ ಉಳಿದೆವು. ಮರುದಿನ ಬೆಳಗ್ಗೆ ಮ್ಯೂಸಿಯಂ, ಸಂಜೆ ಕಾರವಾರ, ರಾತ್ರಿ ಮನೆ.

ಮಳೆಗಾಲವಾದರೆ ಕಾರು ಬಿಡಿ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು, ಮರುತಿಂಗಳು ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ಯಾರಿಗೂ ಮರೆತಿಲ್ಲ. ರೈಲಿನಲ್ಲಿ ಮಡಗಾಂವ್‌ವರೆಗೆ ಹೋಗಿ. ಅಲ್ಲಿಂದ ವಾಸ್ಕೋಗೆ ಕದಂಬ ಬಸ್ಸು ಸಿಗುತ್ತದೆ. ವಾಸ್ಕೋದಿಂದ ಬೋಗ್ಮಾಲೊ ಹತ್ತಿರವೇ. ಟ್ಯಾಕ್ಸಿಗೆ ಹತ್ತುವ ಮೊದಲೇ ರೇಟು ಮಾತಾಡಿಕೊಳ್ಳಿ. ವಂದೇ ಭಾರತ್‌ನಲ್ಲಿ ಹೋಗಿ ಅದರಲ್ಲೇ ಸಂಜೆ ವಾಪಸ್ ಬರುತ್ತೇವೆ ಅಂದುಕೊಂಡರೆ ಕೈಗೆ ಸಿಗುವ ಹೊತ್ತು ಬಹಳ ಕಮ್ಮಿ. ವಿಮಾನದ ಮುಂದೆ ಸೆಲ್ಫಿ ತೆಗೆದುಕೊಂಡು ಓಡಬೇಕಷ್ಟೆ.

ಮ್ಯೂಸಿಯಂ ಇರುವುದು ಡಾಬೋಲಿಂ ವಿಮಾನ ನಿಲ್ದಾಣದಿಂದ ಬೋಗ್ಮಾಲೊ ಬೀಚಿಗೆ ಇಳಿಯುವ ರಸ್ತೆಯಲ್ಲಿ. 1998ರಲ್ಲಿ ಶುರುವಾದದ್ದು. ಡಾಬೋಲಿಂಗೂ ಒಂದು ಯುದ್ಧದ ಕಥೆ ಇದೆ. ಪೋರ್ಚುಗೀಸರ ಕಾಲದ ಆ ರನ್‌ವೇ ಮೇಲೆ 1961ರ ಡಿಸೆಂಬರ್ 18ರಂದು ನಮ್ಮ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ಬಾಂಬ್ ಹಾಕಿದ್ದವು. ಗೋವಾ ನಮ್ಮದಾದ ಮೇಲೆ ಅದು ನೌಕಾಪಡೆಯ ಕೈಗೆ ಬಂತು. ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಹಂಸ ಮೊದಲು ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿತ್ತು, 1964ರಲ್ಲಿ ಇಲ್ಲಿಗೆ ಬಂತು. ಈಗಲೂ ಮಿಗ್-29ಕೆ ಯುದ್ಧವಿಮಾನಗಳು ಇಲ್ಲಿಂದಲೇ ಏರುತ್ತವೆ. ನಾವು ಟಿಕೆಟ್ ತೆಗೆದುಕೊಳ್ಳುವ ಹೊತ್ತಿಗೆ ಒಂದು ಏರಿತು. ಎದೆ ಒಳಗೆ ಏನೋ ಗುದ್ದಿದ ಹಾಗಾಯಿತು. ಕೌಂಟರಿನವರು ತಲೆ ಕೂಡ ಎತ್ತಲಿಲ್ಲ, ಅವರಿಗೆ ದಿನಾ ಇದ್ದದ್ದೇ.

ವಿಮಾನಗಳು ಹೊರಗೆ ಅಂಗಳದಲ್ಲಿವೆ. ಎಲ್ಲರ ಕಣ್ಣು ಮೊದಲು ಹೋಗುವುದು ದೊಡ್ಡ ಸೂಪರ್ ಕಾನ್‌ಸ್ಟಲೇಶನ್ ಕಡೆಗೆ. ಮೂರು ಬಾಲದ ಆ ಸುಂದರಿ ಒಂದು ಕಾಲದಲ್ಲಿ ಏರ್ ಇಂಡಿಯಾದ 'ರಾಣಿ ಆಫ್ ಎಲ್ಲೋರಾ'. ಆಮೇಲೆ ವಾಯುಪಡೆ, ಕೊನೆಗೆ ನೌಕಾಪಡೆ. ಜನ ಅದರ ಮುಂದೆ ಅರ್ಧ ಗಂಟೆ ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದ ಸಣ್ಣ ವಿಮಾನವನ್ನು ದಾಟುವಾಗ ಅದರ ಬೋರ್ಡನ್ನೂ ಓದುವುದಿಲ್ಲ. ಆ ಸಣ್ಣದೇ ಸೀ ಹಾಕ್. ಉದ್ದ 12 ಮೀಟರ್, ಒಬ್ಬನೇ ಕೂರಬಹುದು. ನೀವು ಉಲ್ಟಾ ಮಾಡಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನೇರ ಇದರ ಹತ್ತಿರ ಹೋಗಿ. ಬಿಸಿಲೇರಿದ ಮೇಲೆ ಅಂಗಳದಲ್ಲಿ ನಿಲ್ಲಲು ಆಗುವುದಿಲ್ಲ.

ಅಳಿಯ ಸೀದಾ ಬಾಲದ ಹಿಂದೆ ಹೋಗಿ ನಿಂತ. ಒಂದು ನಿಮಿಷ ಸುಮ್ಮನಿದ್ದ. ಆಮೇಲೆ, "ಮಾವ, ಹೊಗೆ ಹೋಗುವ ತೂತೇ ಇಲ್ಲ!"

ಹೌದು, ಜೆಟ್ ವಿಮಾನ ಅಂದರೆ ಬಾಲದ ತುದಿಯಲ್ಲಿ ದೊಡ್ಡ ತೂತು ಇರಬೇಕು ಅಲ್ವಾ? ಇದರ ಬಾಲ ಮೀನಿನ ಬಾಲದ ಹಾಗೆ ಚೂಪಾಗಿ ಮುಗಿದುಹೋಗುತ್ತದೆ. ಪಕ್ಕಕ್ಕೆ ಬಂದು ರೆಕ್ಕೆಯ ಬುಡ ನೋಡಿ. ರೆಕ್ಕೆಯ ಹಿಂದಿನ ಅಂಚು ಮೈಗೆ ಕೂಡುವಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾಯಿ ಇದೆ. ಒಳಗಿರುವುದು ರೋಲ್ಸ್ ರಾಯ್ಸ್ ನೀನ್ ಎಂಜಿನ್, ಒಂದೇ. ಅದರ ಹಿಂದಿನ ಕೊಳವೆ ಚಡ್ಡಿಯ ಎರಡು ಕಾಲಿನ ಹಾಗೆ ಸೀಳಿಕೊಂಡು ಎರಡೂ ಬದಿಗೆ ತೆರೆಯುತ್ತದೆ. ಉದ್ದ ಕೊಳವೆ ಬಾಲದ ತನಕ ಎಳೆಯುವ ಕೆಲಸ ಉಳಿಯಿತು, ಆ ಜಾಗಕ್ಕೂ ಇಂಧನದ ಟ್ಯಾಂಕು ಬಂತು. ಸಮುದ್ರದ ಮೇಲೆ ಹಾರುವವನಿಗೆ ಅದಕ್ಕಿಂತ ಇನ್ನೇನು ಬೇಕು? ಇವನ ರಟ್ಟಿನ ವಿಮಾನದ ತಪ್ಪು ಅದೇ. ಬಾಲದ ತುದಿಗೆ ಕಪ್ಪು ಬಣ್ಣದಲ್ಲಿ ದೊಡ್ಡದಾಗಿ ಒಂದು ತೂತು ಬರೆದಿದ್ದ.

ನೀನ್ ಎಂಜಿನ್ನಿಗೂ ಒಂದು ತಮಾಷೆ ಕಥೆ ಉಂಟು. ಎರಡನೇ ಮಹಾಯುದ್ಧ ಮುಗಿದ ಕೂಡಲೇ ಬ್ರಿಟನ್ ಸರಕಾರ ಇದನ್ನು ರಷ್ಯಾಕ್ಕೂ ಮಾರಿತು. ಅವರು ನಕಲು ಮಾಡಿ ಮಿಗ್-15ಕ್ಕೆ ಹಾಕಿಕೊಂಡರು. ಹಾಗೆ ನೋಡಿದರೆ ಸೀ ಹಾಕ್ ಮತ್ತು ಮಿಗ್-15 ದಾಯಾದಿಗಳು.

ಸೀ ಹಾಕ್‌ನ ಮೊದಲ ಮಾದರಿ ಹಾರಿದ್ದು 1947ರ ಸೆಪ್ಟೆಂಬರ್‌ನಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮರುತಿಂಗಳು. ವಿನ್ಯಾಸ ಹಾಕರ್ ಕಂಪನಿಯದು. ನಮ್ಮ ನೌಕಾಪಡೆ ಇದಕ್ಕಾಗಿ 300ನೇ ಸ್ಕ್ವಾಡ್ರನ್ (ವಿಮಾನ ದಳ) ಕಟ್ಟಿದ್ದು 1960ರಲ್ಲಿ, ಅದೂ ಬ್ರಿಟನ್ನಿನಲ್ಲೇ. ಹೆಸರು 'ವೈಟ್ ಟೈಗರ್ಸ್'. ಮರುವರ್ಷ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ವಿಕ್ರಾಂತ್ ನಮ್ಮ ಸೇವೆಗೆ ಸೇರಿತು. ಮುಂದೆ ಜರ್ಮನಿಯ ನೌಕಾಪಡೆ ಬಿಟ್ಟ ಹಳೇ ಸೀ ಹಾಕ್‌ಗಳನ್ನೂ ನಾವು ಕೊಂಡೆವು. ಸೆಕೆಂಡ್ ಹ್ಯಾಂಡ್ ಅಂತ ನಗಬೇಡಿ, 1971ರಲ್ಲಿ ಕೆಲಸಕ್ಕೆ ಬಂದದ್ದು ಈ ಹಳೇ ವಿಮಾನಗಳೇ.

1965ರ ಯುದ್ಧದಲ್ಲಿ ವಿಕ್ರಾಂತ್ ರಿಪೇರಿಗೆ ಡಾಕಿನಲ್ಲಿ ನಿಂತಿತ್ತು. ಅದನ್ನು ಮುಳುಗಿಸಿದ್ದೇವೆ ಎಂದು ಪಾಕಿಸ್ತಾನದವರು ಹೇಳಿಕೊಂಡದ್ದೂ ಆಯಿತು. 1971 ಬಂದಾಗ ಬೇರೆ ಸಮಸ್ಯೆ. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಹಡಗು ಪೂರ್ತಿ ವೇಗದಲ್ಲಿ ಓಡುವ ಹಾಗಿಲ್ಲ. ಹಡಗಿನ ಬಾಯ್ಲರ್‌ಗೂ ವಿಮಾನಕ್ಕೂ ಏನು ಸಂಬಂಧ ಅಂತ ಭಾವ ಕೇಳಿದರು. ಗಾಳಿ ಇಲ್ಲದ ದಿನ ಗಾಳಿಪಟ ಹಾರಿಸಲು ನಾವೇ ಓಡುತ್ತೇವಲ್ಲ, ಹಾಗೆ. ಹಡಗು ಗಾಳಿಗೆ ಎದುರಾಗಿ ಓಡಿದಷ್ಟೂ ಡೆಕ್ ಮೇಲೆ ಗಾಳಿ ಜಾಸ್ತಿ, ವಿಮಾನ ಏರುವುದು ಸುಲಭ. ಡೆಕ್ ಎಷ್ಟು ಚಿಕ್ಕದು ಎಂದು ತಿಳಿಯಬೇಕಾದರೆ ಮಂಗಳೂರಿನ ನಮ್ಮ ಬಜ್ಪೆ ವಿಮಾನ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಗುಡ್ಡದ ತಲೆಯ ಆ ರನ್‌ವೇ ನೋಡಿ ನಾವು ಹೆದರುತ್ತೇವೆ. ಅದು 2,450 ಮೀಟರ್. ವಿಕ್ರಾಂತ್ ಇಡೀ ಹಡಗೇ 213 ಮೀಟರ್. ಅದೂ ಅಲುಗಾಡುವ ಸಮುದ್ರದಲ್ಲಿ.

ಆದ್ದರಿಂದಲೇ ಬಾಲದ ಕೆಳಗೆ ಬಗ್ಗಿ ನೋಡಬೇಕು. ಅಲ್ಲಿ ಒಂದು ಕೊಕ್ಕೆ ಇದೆ. ವಿಮಾನ ಇಳಿಯುವಾಗ ಡೆಕ್ ಮೇಲೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಇದು ಸಿಕ್ಕಿಕೊಳ್ಳಬೇಕು. ಸಿಕ್ಕದಿದ್ದರೆ ಪೂರ್ತಿ ಎಂಜಿನ್ ಕೊಟ್ಟು ಮತ್ತೆ ಏರಬೇಕು. ಮಲ್ಪೆಯ ಬೋಟುಗಳ ವೈರ್‌ರೋಪ್ ನೋಡಿ ಬೆಳೆದ ಭಾವನಿಗೆ ಇದೊಂದು ಬಹಳ ಹಿಡಿಸಿತು. ಮೊಣಕಾಲೂರಿ ಕೂತು, ಕೊಕ್ಕೆಯ ದಪ್ಪವನ್ನು ದೂರದಿಂದಲೇ ಬೆರಳಲ್ಲಿ ಅಳೆದರು. "ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್‌ನಲ್ಲಿ ಬರುವ ವಿಮಾನಕ್ಕೆ ಇಷ್ಟೇ ಕಬ್ಬಿಣವಾ?" ಎಂದರು. ರೆಕ್ಕೆಯ ನಡುವೆ ಮಡಚುವ ಜಾಯಿಂಟ್ ಕೂಡ ನೋಡಿ. ಮೇಲಕ್ಕೆ ಮಡಚಿದರೆ 12 ಮೀಟರ್ ಅಗಲದ ವಿಮಾನ ಸುಮಾರು 4 ಮೀಟರ್ ಆಗುತ್ತದೆ. ಹಡಗಿನ ಒಳಗೆ ಜಾಗ ಸಾಲಬೇಕಲ್ಲ.

ಮೂತಿಯ ಕೆಳಗೆ 20 ಮಿ.ಮೀ. ಫಿರಂಗಿಗಳ ಬಾಯಿ, ಒಟ್ಟು ನಾಲ್ಕು. ಒಂದರ ಅಂಚಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಲು ಹೊರಟಿತ್ತು. ನಾವು ನೋಡುತ್ತಿದ್ದ ಹಾಗೆ ಎರಡು ಸಲ ಹಸಿ ಮಣ್ಣಿನ ಉಂಡೆ ತಂದು ಅಂಟಿಸಿ ಹೋಯಿತು. ಅದೇ ತರದ ಫಿರಂಗಿಗಳನ್ನು 1971ರ ಡಿಸೆಂಬರ್ 4ರಂದು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ವಿಮಾನ ನಿಲ್ದಾಣದ ಮೇಲೆ ಬಳಸಿದರು. ಅಂಡಮಾನ್ ಕಡೆಯಿಂದ ಬಂದ ವಿಕ್ರಾಂತ್ ಅಂದು ಬೆಳಗ್ಗೆ ಸೀ ಹಾಕ್‌ಗಳನ್ನು ಹಾರಿಸಿತ್ತು. ಮಧ್ಯಾಹ್ನ ಚಿತ್ತಗಾಂಗ್. ವಿಕ್ರಾಂತ್‌ನ ಬೇಟೆಗೆಂದೇ ಬಂದಿದ್ದ ಪಾಕಿಸ್ತಾನದ ಸಬ್‌ಮರೀನ್ ಘಾಜಿ ಹಿಂದಿನ ರಾತ್ರಿಯೇ ವಿಶಾಖಪಟ್ಟಣದ ಹೊರಗೆ ಮುಳುಗಿತ್ತು. ಮುಂದಿನ ದಿನಗಳಲ್ಲಿ ಹಗಲು ಸೀ ಹಾಕ್, ರಾತ್ರಿ ಅಲಿಝೆ. ಬಂದರು, ಹಡಗು, ರನ್‌ವೇ ಯಾವುದನ್ನೂ ಬಿಡಲಿಲ್ಲ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಸೀ ಹಾಕ್ ಒಂದೂ ಬೀಳಲಿಲ್ಲ. ಆ ಅಲಿಝೆ ಕೂಡ ಇದೇ ಅಂಗಳದಲ್ಲಿದೆ, ಮೂತಿಗೆ ಪ್ರೊಪೆಲ್ಲರ್ ಇರುವ ಫ್ರೆಂಚ್ ವಿಮಾನ. ಎರಡನ್ನೂ ಒಟ್ಟಿಗೆ ನೋಡಿ.

1983ರಲ್ಲಿ ಸೀ ಹ್ಯಾರಿಯರ್ ಬಂದ ಮೇಲೆ ಸೀ ಹಾಕ್ ಕಾಲ ಮುಗಿಯಿತು. ಆ ಹ್ಯಾರಿಯರ್‌ಗಳೂ 2016ರ ಮೇ ತಿಂಗಳಲ್ಲಿ ನಿವೃತ್ತಿಯಾದವು. ಒಂದು ಇಲ್ಲಿಗೂ ಬಂದು ನಿಂತಿದೆ. ವೈಟ್ ಟೈಗರ್ಸ್ ಹೆಸರು ಈಗ ಮಿಗ್-29ಕೆ ಸ್ಕ್ವಾಡ್ರನ್ನಿಗೆ. ಬೆಳಗ್ಗೆ ನಮ್ಮ ಎದೆಗೆ ಗುದ್ದಿದ್ದು ಅದೇ ಜಾತಿಯದು. ಹಳೇ ವಿಕ್ರಾಂತ್ ಮಾತ್ರ ಇಲ್ಲ. 1997ರಲ್ಲಿ ನಿವೃತ್ತಿಯಾಗಿ, ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿ, ಕೊನೆಗೆ ಗುಜರಿಗೆ ಹೋಯಿತು. ನನಗೆ ಇದೊಂದು ಈಗಲೂ ಸರಿ ಕಾಣುವುದಿಲ್ಲ. ಕೊಕ್ಕೆ ಇಲ್ಲಿದೆ, ಅದು ಸಿಕ್ಕಿಕೊಳ್ಳುತ್ತಿದ್ದ ಡೆಕ್ ಇಲ್ಲ.

ಒಳಗಿನ ಕೋಣೆಗಳಲ್ಲಿ ಎಂಜಿನ್, ಬಾಂಬು, ಫೋಟೋಗಳಿವೆ. ಒಂದು ಗಂಟೆ ಸಾಕು, ಬಿಸಿಲೇರಿದ ಮೇಲೆ ಹೋಗಿ. ವಿಮಾನಗಳನ್ನು ಹತ್ತುವ ಹಾಗಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ಟೋಪಿ, ನೀರು ಬೇಕೇ ಬೇಕು. ಪಕ್ಕದಲ್ಲೇ ನೌಕಾಪಡೆಯ ನೆಲೆ ಇದೆ, ಡ್ರೋನ್ ತರುವ ಯೋಚನೆಯೂ ಬೇಡ. ಮುಗಿಸಿ ಕೆಳಗೆ ಬೋಗ್ಮಾಲೊ ಬೀಚಿಗೆ ಇಳಿದರೆ ಮೀನೂಟ ಸಿಗುತ್ತದೆ. ಬಂಗುಡೆ ಚೆನ್ನಾಗಿತ್ತು, ಆದರೆ ಮಸಾಲೆ ನಮ್ಮ ಕಡೆಯದರ ಹತ್ತಿರಕ್ಕೂ ಬರುವುದಿಲ್ಲ ಎಂಬುದು ಭಾವನ ತೀರ್ಪು.

ವಾಪಸ್ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುತ್ತಾರೆ, ಬಾಟಲಿ ಗೀಟಲಿ ತಂದು ಪೇಚಿಗೆ ಸಿಕ್ಕಬೇಡಿ. ಕಾರವಾರದ ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಇದೆ, 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಕ್ಷಿಪಣಿ ದೋಣಿಗಳ ಜಾತಿಯದು. ಪಕ್ಕದಲ್ಲೇ ಟುಪೊಲೆವ್-142, ಸಬ್‌ಮರೀನ್ ಹುಡುಕುತ್ತಿದ್ದ ದೈತ್ಯ ವಿಮಾನ. ರೆಕ್ಕೆ ಈ ತುದಿಯಿಂದ ಆ ತುದಿಗೆ 50 ಮೀಟರ್. ನಾಲ್ಕು ಎಂಜಿನ್ನಿಗೆ ಎಂಟು ಪ್ರೊಪೆಲ್ಲರ್, ಒಂದರ ಹಿಂದೆ ಒಂದು, ಉಲ್ಟಾ ತಿರುಗುವಂಥವು. ಅದನ್ನು ನೋಡುವಷ್ಟರಲ್ಲಿ ಅಳಿಯನಿಗೆ ನಿದ್ದೆ ಬಂದಿತ್ತು. ಭಟ್ಕಳ ದಾಟುವ ತನಕ ಹಿಂದಿನ ಸೀಟಿನಲ್ಲಿ ಮಲಗಿದ್ದ.

ಮನೆ ಮುಟ್ಟಿದಾಗ ಹನ್ನೊಂದೂವರೆ. ಅಕ್ಕ ಗಂಜಿ ಬಿಸಿ ಮಾಡಲು ಒಳಗೆ ಹೋದಳು. ಇವನು ಕೈಕಾಲು ಕೂಡ ತೊಳೆಯದೆ ಕಪಾಟಿನ ಮೇಲಿಂದ ರಟ್ಟಿನ ಸೀ ಹಾಕ್ ಇಳಿಸಿದ. ಬಾಲದ ಕಪ್ಪು ತೂತಿನ ಮೇಲೆ ಬೂದು ಬಣ್ಣ ಬಳಿದ. ಆಮೇಲೆ ಕತ್ತರಿ ತೆಗೆದುಕೊಂಡು ರೆಕ್ಕೆಯ ಬುಡಕ್ಕೆ ಕೈ ಹಾಕಿದ.