ರೇಡಿಯೋ ಮಾಸ್ತರು

ಹೋದ ಮಳೆಗಾಲದಲ್ಲಿ ನಮ್ಮ ಕನ್ನಡ ಮಾಸ್ತರು ತೀರಿಕೊಂಡ್ರು ಅಂತ ಅವರ ಮಗ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ, ಆಮೇಲೆ ಊಟ ಸೇರಲಿಲ್ಲ. 93 ವರ್ಷ ಆಗಿತ್ತು, ತುಂಬು ಬಾಳು ಅಂತ ಎಲ್ಲರೂ ಅಂದ್ರು, ಅಂದ್ರೂ ಅಪ್ಪನ್ನ ಎರಡನೇ ಸಲ ಕಳ್ಕೊಂಡ ಹಾಗಾಯ್ತು ನನಗೆ. ಶಾಲೆಯ ಸಂಚಿಕೆಗೆ ಬರೀರಿ ಅಂತ ಕೇಳಿದ್ದಾರೆ, ಬರೀತಿದ್ದೀನಿ. ಪಾಠ ಏನು ಮಾಡಿದ್ರು ಅಂತ ಕೇಳಬೇಡಿ, ವ್ಯಾಕರಣ, ಬೀಜಗಣಿತ ಎಲ್ಲ ಎಂದೋ ಹಾರಿಹೋಗಿದೆ. ರೇಡಿಯೋ ಬಿಸಿ ಆದಾಗ ಬರ್ತಿದ್ದ ಮರದ ವಾಸನೆ ಮಾತ್ರ ಇನ್ನೂ ಮೂಗಲ್ಲಿದೆ.

ಕಾರವಾರದ ಹುಡುಗರಿಗೆ ಆಗ ಕಿವಿ ಮೂರು ಕಡೆ ಇತ್ತು. ನಮ್ಮನೇಲಿ ಕೊಂಕಣಿ, ಪೇಟೇಲಿ ಅರ್ಧಕ್ಕರ್ಧ ಮರಾಠಿ, ಶಾಲೇಲಿ ಕನ್ನಡ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದವರು, ಆಮೇಲೆ ಮೈಸೂರು ರಾಜ್ಯದವರು, ನನಗಾಗ ಆರು ವರ್ಷ, ಅದೇನೂ ಗೊತ್ತಾಗ್ಲಿಲ್ಲ. ಕನ್ನಡ ನನಗೆ ಪುಸ್ತಕದ ಭಾಷೆ ಆಗಿತ್ತು, ಓದೋಕೆ ಬರ್ತಿತ್ತು, ಬಾಯಿಗೆ ಬರ್ತಿರಲಿಲ್ಲ. ಅದನ್ನ ಬಾಯಿಗೆ ತಂದವರು ಮಾಸ್ತರು, ಮತ್ತೆ ಹೆಡ್‌ಮಾಸ್ತರ ಕೋಣೆಯಲ್ಲಿದ್ದ ಆ ವಾಲ್ವ್ ರೇಡಿಯೋ.

ಅದು ಟ್ರಂಕಿನಷ್ಟು ದೊಡ್ಡದು, ಕಂದು ಬಣ್ಣದ ಮರದ ಪೆಟ್ಟಿಗೆ, ಮುಂದೆ ಬಟ್ಟೆ. ಸ್ವಿಚ್ ಹಾಕಿದ ಕೂಡಲೇ ಮಾತಾಡ್ತಿರಲಿಲ್ಲ, ಒಳಗಿನ ವಾಲ್ವ್, ಅಂದ್ರೆ ಬಲ್ಬಿನಂಥ ಗಾಜಿನ ಬುರುಡೆ, ಕಾದು ಬಿಸಿ ಆಗಬೇಕಿತ್ತು. ಮಾಸ್ತರು ಅಂಗೈಯನ್ನ ಪೆಟ್ಟಿಗೆ ಮೇಲೆ ಇಟ್ಕೊಂಡು, ದನದ ಮೈ ಮುಟ್ಟಿ ನೋಡೋ ಹಾಗೆ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ತಿದ್ರು, ಆಮೇಲೆ "ಕಾದೀತು ತಮಾ" ಅಂತಿದ್ರು. ಅಷ್ಟೊತ್ತಿಗೆ ಮುಂದಿನ ಹಸಿರು ಕಣ್ಣು ಹೊತ್ಕೊಳ್ತಿತ್ತು, ಸ್ಟೇಷನ್ ಸರಿಯಾಗಿ ಸಿಕ್ಕಿದ್ರೆ ಆ ಕಣ್ಣಿನ ಕಪ್ಪು ಸಂದು ಕಿರಿದಾಗ್ತಿತ್ತು. ಏರಿಯಲ್ ತಾಮ್ರದ ತಂತಿ, ಜಗಲಿಯ ಈ ತುದಿಯಿಂದ ಆ ತುದಿಗೆ. ಕಡಲ ಗಾಳಿಗೆ ಅದು ವರ್ಷಕ್ಕೊಂದು ಸಲ ಹಸಿರುಗಟ್ಟೋದು, ಮಳೆಗಾಲ ಮುಗಿದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕೋ ಕೆಲಸ ನಮ್ಮ ಕ್ಲಾಸಿಂದು, ಅದಕ್ಕೆ ನಾವು ಜಗಳ ಮಾಡ್ತಿದ್ವಿ, ನಾನು ತಿಕ್ತೀನಿ ನಾನು ತಿಕ್ತೀನಿ ಅಂತ.

ಮಾಸ್ತರು ಅಂಕೋಲಾ ಕಡೆಯವರು. ರೇಡಿಯೋ ಅಂದ್ರೆ ಅವರಿಗೆ ಒಂಥರಾ ಭಕ್ತಿ. ಧಾರವಾಡ ಸ್ಟೇಷನ್ 1950ರ ಜನವರಿ 8ಕ್ಕೆ ಶುರು ಆಗಿದ್ದನ್ನ ತಮ್ಮ ಮನೆಯ ಮಗು ಹುಟ್ಟಿದ ತಾರೀಕಿನ ಥರ ಹೇಳ್ತಿದ್ರು. "ಆಕಾಶವಾಣಿ" ಅನ್ನೋ ಹೆಸರನ್ನ ದಿಲ್ಲಿಯವರು ಇಟ್ಟಿದ್ದು ಅಂದ್ಕೊಂಡಿದ್ವಿ ನಾವು, ಅಲ್ಲ ಅಂತ ಗೊತ್ತಾಗಿದ್ದು ಇವರಿಂದ. ಮೈಸೂರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೇಲೇ ಒಂದು ಸಣ್ಣ ಸ್ಟೇಷನ್ ಹಾಕಿದ್ರು, ಆ ಸ್ಟೇಷನ್ನಿನ ಹೆಸರು ಅದು, ಇಡೀ ದೇಶದ ರೇಡಿಯೋಗೆ ಬಂದಿದ್ದು ಆಮೇಲೆ. ಇದನ್ನ ಹೇಳುವಾಗ ಮಾಸ್ತರ ಎದೆ ಉಬ್ತಿತ್ತು. ಬೇಂದ್ರೆಯವರು ಸೊಲ್ಲಾಪುರದಿಂದ ಧಾರವಾಡಕ್ಕೆ ವಾಪಸ್ ಬಂದ್ಮೇಲೆ ಅಲ್ಲಿನ ಸ್ಟೇಷನ್ನಿಗೆ ಸಲಹೆಗಾರರಾಗಿದ್ರು. ಅವರ ಪದ್ಯವನ್ನ ಕಣ್ಣಲ್ಲಿ ಓದಿದ್ರೆ ಅರ್ಧ, ಕಿವಿಯಲ್ಲಿ ಓದಿದ್ರೆ ಪೂರ್ತಿ ಅಂತಿದ್ರು ಮಾಸ್ತರು. ಪದ್ಯ ಬಂದಾಗ ಪುಸ್ತಕ ಮುಚ್ಚಿಸ್ತಿದ್ರು, ಅವರು ಹೇಳೋದು, ನಾವು ಕೇಳೋದು, ಮೂರು ದಿನ ಬರೀ ಅಷ್ಟೇ, ನಾಲ್ಕನೇ ದಿನ ಪುಸ್ತಕ ತೆಗೀರಿ.

ಈಗ ಆ ರಾತ್ರಿಯ ಕಥೆ. ನಾನು ಎಸ್ಸೆಸ್ಸೆಲ್ಸಿ, 1966ರ ಫೆಬ್ರವರಿ. ಪರೀಕ್ಷೆ ಹತ್ತಿರ ಬಂತು ಅಂತ ಶಾಲೇಲೇ ರಾತ್ರಿ ಓದು. ಆಗಿನ ಹುಡುಗರಿಗೆ ಬುಧವಾರ ರಾತ್ರಿ ಎಂಟು ಗಂಟೆ ಅಂದ್ರೆ ಏನು ಅಂತ ಈಗಿನವರಿಗೆ ಹೇಳಿ ಅರ್ಥ ಮಾಡ್ಸೋದು ಕಷ್ಟ, ಶ್ರೀಲಂಕಾದ ರೇಡಿಯೋ ಸಿಲೋನಿನ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ, ಬಿನಾಕಾ ಗೀತಮಾಲಾ! ಐವತ್ತರ ದಶಕದಲ್ಲಿ ನಮ್ಮ ಸರಕಾರಿ ರೇಡಿಯೋ ಸಿನಿಮಾ ಹಾಡನ್ನ ಹೊರಗಿಟ್ಟಿತ್ತು, ದೇಶಾನೇ ಕೊಲಂಬೋ ಕಡೆ ತಿರುಗ್ತು, 1957ರಲ್ಲಿ ಸರಕಾರಿ ರೇಡಿಯೋದ್ದೇ ಹಾಡಿನ ವಿವಿಧ ಭಾರತಿ ಬಂದ್ರೂ ಗೀತಮಾಲಾ ನಡೆಸ್ತಿದ್ದ ಅಮೀನ್ ಸಯಾನಿಯ ಆ ಗಂಟಲು ಬಿಟ್ಟು ಯಾರೂ ಬರಲಿಲ್ಲ. ಮನೇಲಿ ರೇಡಿಯೋ ಇದ್ದವರು ನಮ್ಮಲ್ಲಿ ಯಾರೂ ಇಲ್ಲ, ಬಿನಾಕಾ ಕೇಳಬೇಕು ಅಂದ್ರೆ ಕೋಡಿಬಾಗದ ಚಾದಂಗಡಿ ಮುಂದೆ ನಿಲ್ಲಬೇಕು. ಸರಿ, ನಾವು ಮೂರು ಜನ ಪಟ್ಟೇವಾಲನ, ಅಂದ್ರೆ ಶಾಲೆಯ ಜವಾನನ, ಕಾಲು ಹಿಡಿದು ಹೆಡ್‌ಮಾಸ್ತರ ಕೋಣೆ ಬೀಗದ ಕೈ ಇಸ್ಕೊಂಡ್ವಿ, ಕತ್ತಲಲ್ಲೇ ರೇಡಿಯೋ ಹಚ್ಚಿ ಸೌಂಡ್ ಸಣ್ಣಕ್ಕೆ ಇಟ್ಟು ಶಾರ್ಟ್‌ವೇವ್ ತಿರುಗಿಸಿದ್ವಿ.

ನಮಗೆ ಗೊತ್ತಿಲ್ಲದ್ದು ಒಂದಿತ್ತು. ಜನವರಿ 26ಕ್ಕೆ ಅಂತ ರೇಡಿಯೋಗೆ ಜೋಡಿಸಿದ್ದ ಕರ್ಣದ ತಂತಿ ಯಾರೂ ಬಿಚ್ಚಿರಲಿಲ್ಲ. ಕರ್ಣ ಅಂದ್ರೆ ಲೌಡ್‌ಸ್ಪೀಕರ್, ಮೈದಾನದ ಮಾವಿನ ಮರದ ಮೇಲೆ. ಆಂಪ್ಲಿಫಯರ್ ಸ್ವಿಚ್ಚೂ ಅದೇ ಬೋರ್ಡಲ್ಲಿ, ಕತ್ತಲಲ್ಲಿ ಎರಡೂ ಒತ್ತಿಬಿಟ್ಟಿದ್ವಿ. ಕೋಣೆ ಒಳಗೆ ಪಿಸುಪಿಸು, ಹೊರಗೆ "ಬೆಹನೋ ಔರ್ ಭಾಯಿಯೋ" ಅಂತ ಕಡಲ ತನಕ! ಎರಡು ಹಾಡು ಮುಗಿಯೋ ತನಕ ನಮಗೆ ಗೊತ್ತೇ ಇಲ್ಲ. ಬಾಗಿಲು ತೆರೀತು, ಮಾಸ್ತರು, ಕೈಯಲ್ಲಿ ಕಂದೀಲು. ನನ್ನ ಕಾಲು ನಡುಗಿದ್ದು ಇವತ್ತಿಗೂ ನೆನಪಿದೆ. ಅವರು ಮೊದಲು ಕರ್ಣದ ಸ್ವಿಚ್ ಆರಿಸಿದ್ರು. ಆಮೇಲೆ ಕುರ್ಚಿ ಎಳ್ಕೊಂಡು ಕೂತ್ರು. ಕಾರ್ಯಕ್ರಮ ಮುಗಿಯೋ ತನಕ ಒಂದು ಮಾತಿಲ್ಲ, ಮುಗಿದ ಮೇಲೆ ಕೇಳಿದ್ದು ಇಷ್ಟೇ, "ಇಂವ ಎಷ್ಟು ಚೆಂದ ಮಾತಾಡ್ತ ನೋಡ್ರೋ, ನಿಮಗೆ ನಿಮ್ಮ ಭಾಷೇಲಿ ಹಿಂಗೆ ಮಾತಾಡೂಕೆ ಬತ್ತದ್ಯೋ?"

ಶಿಕ್ಷೆ ಏನಂದ್ರೆ ಪರೀಕ್ಷೆ ತನಕ ದಿನಾ ಕನ್ನಡ ವಾರ್ತೆ ಕೇಳಬೇಕು, ಕೇಳಿದ್ದನ್ನ ಮಾರನೇ ದಿನ ಪ್ರಾರ್ಥನೆ ಹೊತ್ತಲ್ಲಿ ಕಾಗದ ನೋಡದೆ ಶಾಲೆ ಮುಂದೆ ಹೇಳಬೇಕು. ಮೊದಲ ದಿನ ನಾನು ಅಳು ನುಂಗಿ ಹೇಳಿದೆ, ಹದಿನೈದು ದಿನಕ್ಕೆ ಕೆಳಗಿನ ಕ್ಲಾಸಿನ ಹುಡುಗರು ನನ್ನನ್ನ "ವಾರ್ತೆ ಅಣ್ಣ" ಅಂತ ಕರೆಯೋಕೆ ಶುರು ಮಾಡಿದ್ರು. ಮುಂದೆ ಬ್ಯಾಂಕ್ ಮ್ಯಾನೇಜರ್ ಆಗಿ ಎಲ್ಲೆಲ್ಲಿ ಹೋದ್ನೋ ಅಲ್ಲೆಲ್ಲ ರಾಜ್ಯೋತ್ಸವದ ಭಾಷಣ ನನ್ನದೇ, ಕಾರವಾರಕ್ಕೆ ಆಕಾಶವಾಣಿ ಬಂದ್ಮೇಲೆ ಅಲ್ಲೂ ಎರಡು ಸಲ ಮಾತಾಡಿದ್ದೀನಿ, ಉಚ್ಚಾರ ಚೆನ್ನಾಗಿದೆ ಅಂತ ಸ್ಟುಡಿಯೋದವರೇ ಹೇಳಿದ್ರು. ಮನೆಮಾತು ಕೊಂಕಣಿ ಅಂದ್ರೆ ನಂಬಲಿಲ್ಲ.

ಆ ರಾತ್ರಿಗೂ ಮುಂಚೆ 1965ರಲ್ಲಿ ನಮ್ಮೂರಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಕಡೆಂಗೋಡ್ಲು ಶಂಕರಭಟ್ಟರು ಅಧ್ಯಕ್ಷರು. ನಾನು ಸ್ವಯಂಸೇವಕ, ನೀರು ಕೊಡೋ ಕೆಲಸ. ಭಾಷಣದ ಒಂದು ಸಾಲೂ ನೆನಪಿಲ್ಲ, ಆದ್ರೆ ಮಾಸ್ತರು ಪೆಂಡಾಲಿನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳ್ತಾ ನಿಂತಿದ್ದು ನೆನಪಿದೆ. ಕುರ್ಚಿ ಖಾಲಿ ಇದ್ರೂ ಕೂರಲಿಲ್ಲ.

ಈಗ ನನ್ನ ಮೊಮ್ಮಗನಿಗೆ ಕನ್ನಡದಲ್ಲಿ ನೂರಕ್ಕೆ 98. ಮೊನ್ನೆ ಮನೆಗೆ ಬಂದ ಮದುವೆ ಕಾಗದ ಗಟ್ಟಿಯಾಗಿ ಓದು ಪುಟ್ಟಾ ಅಂದ್ರೆ ನಾಲ್ಕು ಕಡೆ ತಡವರಿಸ್ದ. ಅವನ ತಪ್ಪಲ್ಲ ಅದು. ಕ್ಲಾಸಲ್ಲಿ ಗೋಡೆಯಷ್ಟು ದೊಡ್ಡ ಸ್ಕ್ರೀನಿದೆ, ಗಟ್ಟಿಯಾಗಿ ಓದಿಸೋಕೆ ಮಾತ್ರ ಪೀರಿಯಡ್ಡಿಲ್ಲ. ಈಗಿನ ಶಿಕ್ಷಕರಿಗೂ ಪಾಪ ಎಷ್ಟು ಕೆಲಸ, ಆ ಡೇಟಾ ಈ ಡೇಟಾ ತುಂಬೋದ್ರಲ್ಲೇ ದಿನ ಹೋಗ್ತದೆ. ವಾರಕ್ಕೆ ಒಂದೇ ಒಂದು ತಾಸು, ಪುಸ್ತಕ ಮುಚ್ಚಿಸಿ ಪದ್ಯ ಕೇಳಿಸಿ ಅಂತ ನಮ್ಮ ಶಾಲೆಯವರಿಗೆ ಕೈ ಮುಗಿದು ಕೇಳ್ಕೊಳ್ತೀನಿ.

ಹೋದ ವರ್ಷ ದೀಪಾವಳಿಗೆ ಮಾಸ್ತರನ್ನ ನೋಡೋಕೆ ಹೋಗಿದ್ದೆ. ಒಳಗೆ ಹೋದ್ರೆ ಮೂಲೆಯಲ್ಲಿ ಅದೇ ರೇಡಿಯೋ! ಶಾಲೆ ಅದನ್ನ ಲಿಲಾವಿಗೆ ಹಾಕಿದಾಗ ಇವರೇ ತಗೊಂಡಿದ್ರಂತೆ. ಕಿವಿ ಪೂರ್ತಿ ಹೋಗಿತ್ತು ಅವರಿಗೆ, ಆದ್ರೂ ದಿನಾ ಸಂಜೆ ಮಗ ಅದನ್ನ ಹಚ್ಚಬೇಕಿತ್ತು. ಸ್ಟೇಷನ್ ಯಾವುದೂ ಸಿಗ್ತಿರಲಿಲ್ಲ, ಬರೀ ಗೊರಗೊರ, ಹಸಿರು ಕಣ್ಣು ಸತ್ತಿತ್ತು. ಮಾಸ್ತರು ಅಂಗೈ ಪೆಟ್ಟಿಗೆ ಮೇಲೆ ಇಟ್ಕೊಂಡು ಸ್ವಲ್ಪ ಹೊತ್ತು ಕೂತು ನನ್ನ ಕಡೆ ತಿರುಗಿ "ಕಾದೀತು ತಮಾ" ಅಂದ್ರು.

ಮಗ ಈಗ ಆ ರೇಡಿಯೋನ ಶಾಲೆಗೇ ವಾಪಸ್ ಕೊಡ್ತಿದ್ದಾರೆ, ರಿಪೇರಿ ಖರ್ಚು ನನ್ನದು. ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ ನೋಡಿದ್ರು, ಹಸಿರು ಕಣ್ಣಿನ ವಾಲ್ವ್ ಒಂದು ಬೇಕು, ನಂಬರ್ ಇಎಂ 80, ಹೊಸದು ಎಲ್ಲೂ ಸಿಗ್ತಿಲ್ಲ. ನಮ್ಮ ಬ್ಯಾಚಿನವರ ಯಾರ ಮನೆ ಅಟ್ಟದಲ್ಲಾದ್ರೂ ಹಳೇ ರೇಡಿಯೋ ಬಿದ್ದಿದ್ರೆ ಹಿಂದಿನ ಮುಚ್ಚಳ ತೆಗೆದು ಒಂದ್ಸಲ ನೋಡಿ, ಸಿಕ್ಕಿದ್ರೆ ಶಾಲೆಯ ಆಫೀಸಿಗೆ ತಿಳಿಸಿ.