ಗಿಡಮೂಲಿಕೆಯದಲ್ಲವೇ, ಏನೂ ಆಗುವುದಿಲ್ಲ ತಾನೇ?

ಹೋದ ಶ್ರಾವಣದ ಒಂದು ಮಧ್ಯಾಹ್ನ ಚನ್ನಗಿರಿ ಕಡೆಯ ಹಿರಿಯರೊಬ್ಬರು ದಾವಣಗೆರೆಯ ನನ್ನ ಔಷಧ ಅಂಗಡಿಗೆ ಬಂದರು. ಅಡಿಕೆ ತೋಟದವರು, ವಯಸ್ಸು ಎಪ್ಪತ್ತರ ಆಸುಪಾಸು. ಪ್ರತಿ ತಿಂಗಳು ಬಸ್ಸಿನಲ್ಲಿ ಬಂದು ಮಾತ್ರೆ ಒಯ್ಯುತ್ತಾರೆ: ಸಕ್ಕರೆ ಕಾಯಿಲೆಗೆ ಒಂದು, ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಎರಡು. ಅಂದು ಚೀಟಿಯ ಜೊತೆಗೆ ಟವೆಲ್ಲಿನಲ್ಲಿ ಸುತ್ತಿದ್ದ ಹಸಿರು ಡಬ್ಬಿಯೊಂದನ್ನೂ ತೆಗೆದು ಕೌಂಟರಿನ ಮೇಲಿಟ್ಟರು. "ಮಗ ಬೆಂಗಳೂರಿನಿಂದ ಕಳಿಸಿದ್ದಾನೆ ತಾಯೀ. ಮಂಡಿನೋವಿಗೂ ಒಳ್ಳೆಯದಂತೆ, ಸಕ್ಕರೆಗೂ ಒಳ್ಳೆಯದಂತೆ, ಮರೆವಿಗೂ ಒಳ್ಳೆಯದಂತೆ. ಗಿಡಮೂಲಿಕೆಯದಲ್ಲವೇ, ಏನೂ ಆಗುವುದಿಲ್ಲ ತಾನೇ?"

ಈ ಪ್ರಶ್ನೆ ವಾರದಲ್ಲಿ ನಾಲ್ಕು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಮೇಷ್ಟರು ಕೇಳುತ್ತಾರೆ, ಬಸುರಿ ಮಗಳನ್ನು ಕರೆತಂದ ತಾಯಿ ಕೇಳುತ್ತಾರೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಕೇಳುತ್ತಾರೆ. ಇದರಿಂದ ಕೆಲಸ ಆಗುತ್ತದೆಯೇ ಎಂದು ಕೇಳುವವರು ಕಡಿಮೆ. ಅದನ್ನು ಎಲ್ಲರೂ ಆಗಲೇ ನಂಬಿಕೊಂಡು ಬಂದಿರುತ್ತಾರೆ. ಕೌಂಟರಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅಜ್ಜಿ ಹೊಳಲ್ಕೆರೆ ಹತ್ತಿರದ ಹಳ್ಳಿಯವರು. ಕಾಮಾಲೆಗೆ ನೆಲನೆಲ್ಲಿ ಕೊಡುತ್ತಿದ್ದರು. ಬೆಳಗಿನ ಜಾವ ಗಿಡವನ್ನು ಬೇರು ಸಮೇತ ಕಿತ್ತು, ತೊಳೆದು, ಒರಳಿನಲ್ಲಿ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕುಡಿಸುವರು. ಎಣ್ಣೆ, ಖಾರ, ಬಿಸಿಲು ಮೂರನ್ನೂ ಬಿಡಬೇಕು. ಬಂದವರು ಎರಡು ಮೂರು ವಾರದಲ್ಲಿ ಕಣ್ಣಿನ ಹಳದಿ ಇಳಿದು, ತೆಂಗಿನಕಾಯಿ ಹಿಡಿದುಕೊಂಡು ಅಜ್ಜಿಯನ್ನು ನೋಡಲು ಬರುತ್ತಿದ್ದರು. ಆ ಮುಖಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫಾರ್ಮಸಿ ಓದುವಾಗ ತಿಳಿದದ್ದು ಇನ್ನೊಂದು: ನಮ್ಮಲ್ಲಿ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಿದ್ದರೆ ಅಜ್ಜಿಯ ಬಳಿ ಗುಣವಾದವರಲ್ಲಿ ಎಷ್ಟು ಮಂದಿ ನೆಲನೆಲ್ಲಿಯಿಂದ ಗುಣವಾದರು, ಎಷ್ಟು ಮಂದಿ ಕಾಲ ಕಳೆದದ್ದರಿಂದ? ಅಜ್ಜಿಗೆ ಅದು ತಿಳಿಯುವ ದಾರಿ ಇರಲಿಲ್ಲ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮದ್ದು, ಇನ್ನೊಂದು ಪಾಲಿಗೆ ನೋಡಲು ಹಾಗೆಯೇ ಇರುವ ಮದ್ದಿಲ್ಲದ ಮಾತ್ರೆ ಕೊಟ್ಟು ಹೋಲಿಸಿದರೆ ಮಾತ್ರ ಅದು ತಿಳಿಯುತ್ತದೆ.

ನೆಲನೆಲ್ಲಿಗೆ ಮದ್ದಿಲ್ಲದ ಮಾತ್ರೆಯೊಡನೆ ಅಂಥ ಹೋಲಿಕೆಯೂ ನಡೆಯಿತು, ಅದೂ ಮದ್ರಾಸಿನಲ್ಲಿ. ತಾನಾಗಿ ಸುಲಭಕ್ಕೆ ಹೋಗದ ಹೆಪಟೈಟಿಸ್ ಬಿ ವೈರಸ್ಸನ್ನು ಹೊತ್ತವರ ಮೇಲೆ ಮಾಡಿದ ಈ ಪ್ರಯೋಗ 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 30 ದಿನ ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಮದ್ದಿಲ್ಲದ ಮಾತ್ರೆ ನುಂಗಿದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಕಾಲೇಜಿನ ಗ್ರಂಥಾಲಯದಲ್ಲಿ ಅದನ್ನು ಓದಿದ ದಿನ ಅಜ್ಜಿಯ ಕೈ ಹಿಡಿದು ಹೇಳಬೇಕೆನಿಸಿತ್ತು. ಆದರೆ ಬೇರೆ ಬೇರೆ ದೇಶಗಳಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. 2011ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಅಳೆದು ನೋಡಿದವರು, ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವಾಸಿಯಾಗುತ್ತದೆ ಎನ್ನಲು ನಂಬಬಹುದಾದ ಆಧಾರವಿಲ್ಲ ಎಂದರು. ಓದಿ ಬೇಸರವಾಯಿತು, ಆದರೂ ಒಪ್ಪಿಕೊಂಡೆ. ಒಂದು ಪ್ರಯೋಗದಲ್ಲಿ ಸಿಕ್ಕದ್ದು ಎರಡನೆಯದರಲ್ಲಿ, ಮೂರನೆಯದರಲ್ಲಿ ಸಿಗದಿದ್ದರೆ ಅದನ್ನು ನಂಬಿ ಜನರ ಕೈಗೆ ಕೊಡಲಾಗುವುದಿಲ್ಲ. ಈಗ ಆ ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳಿವೆ, ಬಾರದಂತೆ ತಡೆಯುವ ಲಸಿಕೆಯಿದೆ. ಬಳ್ಳಿ ಬೇರು ನಂಬಿಕೊಂಡು ವರ್ಷಗಟ್ಟಲೆ ರಕ್ತ ಪರೀಕ್ಷೆಯನ್ನೇ ಮಾಡಿಸದೆ ಕುಳಿತವರನ್ನು ನೋಡಿದಾಗ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಮಂಡಿನೋವಿಗೂ ಇದೇ ಲೆಕ್ಕ. ನೋವು ತಾರಕಕ್ಕೇರಿದಾಗಲೇ ನಾವು ಡಬ್ಬಿ ಕೊಳ್ಳುವುದು. ಏರಿದ ನೋವು ಸ್ವಲ್ಪ ದಿನಕ್ಕೆ ಇಳಿಯುವುದು ಸಹಜ, ಹೆಸರು ಬರುವುದು ಡಬ್ಬಿಗೆ.

ಈ ಅಳತೆಗೋಲಿನಲ್ಲಿ ಗೆದ್ದ ಗಿಡವೂ ಇದೆ. ನನ್ನ ಅಂಗಡಿಯಲ್ಲಿ ಯಾವ ಅಳುಕೂ ಇಲ್ಲದೆ ಕೊಡುವುದು ಇಸಬ್‌ಗೋಲ್. ಮಲಬದ್ಧತೆಗೆ ಅದು ಕೆಲಸ ಮಾಡುತ್ತದೆ, ದಿನವೂ ತೆಗೆದುಕೊಂಡರೆ ಕೆಟ್ಟ ಕೊಲೆಸ್ಟರಾಲ್ ಶೇಕಡಾ 5ರಿಂದ 10ರಷ್ಟು ಇಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಕರು 1998ರಲ್ಲೇ ಹೃದಯದ ಆರೋಗ್ಯದ ಮಾತನ್ನು ಅದರ ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟರು. ದೊಡ್ಡ ಲೋಟ ನೀರಿನಲ್ಲಿ ಕುಡಿಯಬೇಕು, ಬೇರೆ ಮಾತ್ರೆಗಳಿಗೂ ಅದಕ್ಕೂ ಒಂದೆರಡು ಗಂಟೆ ಅಂತರವಿರಬೇಕು. ಬೆಲೆಯೂ ಕಡಿಮೆ. ಅದರ ಬಗ್ಗೆ ಯಾರೂ ಬಂದು ಉತ್ಸಾಹದಿಂದ ಕೇಳುವುದಿಲ್ಲ.

ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಮದ್ದಿನ ಗುಣಕ್ಕೆಲ್ಲ ಹೆಸರಾದ ಅಂಶ ಕರ್ಕ್ಯುಮಿನ್, ಅರಿಶಿನ ಪುಡಿಯಲ್ಲಿ ಅದು ಇರುವುದು ಶೇಕಡಾ 3ರ ಸುತ್ತಮುತ್ತ. 500 ಮಿಲಿಗ್ರಾಂ ಸಾರದ ಒಂದು ಕ್ಯಾಪ್ಸೂಲಿನಲ್ಲಿರುವ ಕರ್ಕ್ಯುಮಿನ್ ಬೇಕೆಂದರೆ ಸುಮಾರು ಐದು ಚಮಚ ಪುಡಿ ನುಂಗಬೇಕು. ಹಾಗಾಗಿ "ದಿನಾ ಸಾರಿಗೆ ಹಾಕುವುದೇ ಅಲ್ಲವೇ" ಎಂಬ ಮಾತು ಕ್ಯಾಪ್ಸೂಲಿಗೆ ಹೊಂದುವುದಿಲ್ಲ. ಇನ್ನೊಂದು ತೊಡಕು, ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದಾಗ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಿತು. ಈಗಿನ ಅನೇಕ ಡಬ್ಬಿಗಳಲ್ಲಿ ಮೆಣಸಿನ ಸಾರ ಬೆರೆತಿರುವುದು ಇದಕ್ಕೇ. ಆದರೆ ಬಾಗಿಲು ತೆರೆದರೆ ಒಬ್ಬರಿಗೇ ತೆರೆಯುವುದಿಲ್ಲ. ಪೈಪರಿನ್ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಯ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಮಂಡಿಸವೆತದ ನೋವಿಗೆ ಕರ್ಕ್ಯುಮಿನ್ ಒಂದಿಷ್ಟು ಆರಾಮ ಕೊಡುತ್ತದೆಂದು ಹಲವು ಸಣ್ಣ ಪ್ರಯೋಗಗಳು ಹೇಳುತ್ತವೆ, ಅಷ್ಟು ಹೇಳಬಹುದು. ಕ್ಯಾನ್ಸರ್ ವಾಸಿಮಾಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಮೆರಿಕದಲ್ಲಿ ಯಕೃತ್ತಿಗೆ ಔಷಧಗಳಿಂದಾಗುವ ಹಾನಿಯನ್ನು ದಾಖಲಿಸುವ ವೈದ್ಯರ ತಂಡ ಅರಿಶಿನದ ಪೂರಕಗಳಿಂದ, ಅಂದರೆ ಊಟದ ಜೊತೆಗೆಂದು ಮಾರುವ ಇಂಥ ಕ್ಯಾಪ್ಸೂಲು ಡಬ್ಬಿಗಳಿಂದ, ಆದ 10 ಪ್ರಕರಣಗಳನ್ನು ವಿವರಿಸಿದೆ, ಕೆಲವದರಲ್ಲಿ ಮೆಣಸಿನ ಸಾರವೂ ಇತ್ತು. ನಿಮ್ಮ ಒಗ್ಗರಣೆಯ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆದರಬೇಡಿ.

ಮರೆವಿಗೆ ಎಂದು ಮಾರುವ ಗಿಂಕ್ಗೊ ಎಲೆಯ ಸಾರವನ್ನು ಅಮೆರಿಕದಲ್ಲಿ 75 ದಾಟಿದ 3,069 ಜನರ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಿದರು. ಗಿಂಕ್ಗೊ ತೆಗೆದುಕೊಂಡವರಲ್ಲಿ 277 ಜನರಿಗೆ, ಮದ್ದಿಲ್ಲದ ಮಾತ್ರೆಯವರಲ್ಲಿ 246 ಜನರಿಗೆ ಮರೆವಿನ ಕಾಯಿಲೆ ಬಂತು. ತಡೆಯಲಿಲ್ಲ. 2008ರಲ್ಲೇ ಇತ್ಯರ್ಥವಾದ ಮಾತನ್ನು ಇಂದಿಗೂ ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರುತ್ತಿದ್ದಾರೆ.

ಅಶ್ವಗಂಧದ್ದು ನಡುವಿನ ಸ್ಥಿತಿ. 2012ರ ಒಂದು ಪ್ರಯೋಗದಲ್ಲಿ 64 ಜನರ ಮೇಲೆ 60 ದಿನ ಪರೀಕ್ಷಿಸಿದಾಗ ಅಶ್ವಗಂಧ ತೆಗೆದುಕೊಂಡ ಪಾಲಿನವರ ಮಾನಸಿಕ ಒತ್ತಡ ತಗ್ಗಿತು. ಆಮೇಲೆ ಬಂದವುಗಳಲ್ಲೂ ಹೆಚ್ಚಿನವು ಹೀಗೆಯೇ, ಸಣ್ಣವು ಮತ್ತು ಎರಡು ಮೂರು ತಿಂಗಳಿನವು. ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆಂದು ಅವು ಹೇಳಲಾರವು. ಥೈರಾಯ್ಡ್ ಹಾರ್ಮೋನನ್ನು ಅದು ಏರಿಸಬಲ್ಲದು, ಆದ್ದರಿಂದ ಥೈರಾಯ್ಡ್ ಮಾತ್ರೆ ನುಂಗುವವರಿಗೆ ನಾನು ಕೊಡುವುದಿಲ್ಲ. ಬಸುರಿಯರಿಗಂತೂ ಖಂಡಿತ ಇಲ್ಲ.

ಈಗ "ಏನೂ ಆಗುವುದಿಲ್ಲ ತಾನೇ" ಎನ್ನುವ ಮಾತಿಗೆ ಬರುತ್ತೇನೆ. ಚಿತ್ರದುರ್ಗದ ಕೋಟೆ ಹತ್ತಿದವರು ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ, ಫಿರಂಗಿಗೆ ತುಂಬುವ ಸಿಡಿಮದ್ದು ಅರೆಯುತ್ತಿದ್ದ ದೈತ್ಯ ಕಲ್ಲುಗಳು. ಕಾಯಿಲೆಗೆ ಕೊಡುವುದೂ ಮದ್ದು, ಫಿರಂಗಿಗೆ ತುಂಬುವುದೂ ಮದ್ದು. ಹಳ್ಳಿಯಲ್ಲಿ "ಅವನಿಗೆ ಯಾರೋ ಮದ್ದು ಹಾಕಿದ್ದಾರೆ" ಎಂದರೆ ವಿಷವಿಕ್ಕಿದ್ದಾರೆ ಎಂದೇ ಅರ್ಥ. ಈ ಮಾತನ್ನು ಬಳಸಿದ ನಮ್ಮ ಹಿರಿಯರು ಗಿಡದ ಮದ್ದನ್ನು ಹಗುರವಾಗಿ ಎಣಿಸಿದವರಲ್ಲ. ಮದ್ದಿನ ಜೊತೆ ಪಥ್ಯ ಹೇಳುತ್ತಿದ್ದರು, ಇಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದರು. ಗಿಡದ್ದು ಎಂದ ಮೇಲೆ ಸೈಡ್ ಎಫೆಕ್ಟ್ ಇಲ್ಲ ಎನ್ನುವುದು ಜಾಹೀರಾತಿನವರು ಕಲಿಸಿಕೊಟ್ಟ ಮಾತು.

ಸರ್ಪಗಂಧವನ್ನೇ ನೋಡಿ. ಆ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು, ಲಕ್ಷಾಂತರ ಜನ ಮಾತ್ರೆಯಾಗಿ ನುಂಗಿದರು. ನಿಜವಾಗಿ ಕೆಲಸ ಮಾಡುವ ಗಿಡ. ಅದೇ ಮಾತ್ರೆಯಿಂದ ಮೂಗು ಕಟ್ಟಿತು, ಕೆಲವರ ಮನಸ್ಸು ಕುಗ್ಗಿತು ಎಂಬ ವರದಿಗಳೂ ಬಂದವು. ಮೈಯೊಳಗೆ ಹೋಗಿ ಒಂದನ್ನು ಬದಲಿಸುವ ಶಕ್ತಿಯಿದ್ದರೆ, ಬೇಡದ್ದನ್ನು ಬದಲಿಸುವ ಶಕ್ತಿಯೂ ಅದರೊಳಗಿರುತ್ತದೆ.

ಕೊರೊನಾ ಕಾಲದಲ್ಲಿ ನಮ್ಮ ಬಡಾವಣೆಯಲ್ಲಿ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಗೆ ಒಂದು ಎಲೆಯೂ ಉಳಿದಿರಲಿಲ್ಲ. ದಿನಾ ಎರಡು ಹೊತ್ತು ಕಷಾಯ, ತಿಂಗಳುಗಟ್ಟಲೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರ ಯಕೃತ್ತು ಕೆಟ್ಟದ್ದನ್ನು ವರದಿ ಮಾಡಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ಜನರ ವಿವರ ಬಂತು. ಆಯುಷ್ ಸಚಿವಾಲಯವು ಅದೇ ಜಾತಿಯ ಇನ್ನೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪಾಗಿ ತಿಳಿದಿರಬಹುದು ಎಂದಿತು. ಆ ಮಾತನ್ನೂ ಗಣನೆಗೆ ತೆಗೆದುಕೊಂಡೇ ಹೇಳುತ್ತೇನೆ: ಯಕೃತ್ತಿನ ತೊಂದರೆ ಇರುವವರು, ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಮೇಲೆ ತಿರುಗಿ ಬೀಳುವ ಕಾಯಿಲೆ ಇರುವವರು ಅಮೃತಬಳ್ಳಿಯನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಇನ್ನು ಡಬ್ಬಿಯೊಳಗೆ ಇರುವುದು ಡಬ್ಬಿಯ ಮೇಲೆ ಬರೆದದ್ದೇ ಎನ್ನುವ ಭರವಸೆಯೂ ಇಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ನನ್ನನ್ನು ಹೆಚ್ಚು ಕಾಡುವುದು ಹೆಸರಿಲ್ಲದ ಪೊಟ್ಟಣಗಳು. ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಕೀಲುನೋವಿಗೆಂದು ಯಾರೋ ಕೊಟ್ಟ ಪುಡಿಯನ್ನು ಏಳೆಂಟು ತಿಂಗಳು ತಿಂದಿದ್ದರು. ನೋವು ಮಾಯವಾಗಿತ್ತು. ಒಂದು ದಿನ ಕೌಂಟರಿಗೆ ಬಂದಾಗ ಗುರುತೇ ಸಿಗಲಿಲ್ಲ: ಮುಖ ದುಂಡಗೆ ಊದಿತ್ತು, ತೋಳಿನ ಚರ್ಮ ಕಾಗದದಂತಾಗಿ ಬಳೆ ತಗುಲಿದಲ್ಲೆಲ್ಲ ನೀಲಿಗಟ್ಟಿತ್ತು. ನಾವು ಔಷಧದವರು ಇದನ್ನು ಕಂಡೊಡನೆ ಪುಡಿಯಲ್ಲಿ ಸ್ಟೀರಾಯ್ಡ್, ಅಂದರೆ ನೋವು ಊತವನ್ನು ಬೇಗ ಅಡಗಿಸುವ ಪ್ರಬಲ ಔಷಧ, ಬೆರೆಸಿದ್ದಾರೆಂದು ಅನುಮಾನಿಸುತ್ತೇವೆ. "ಪುಡಿ ಇಂದೇ ಬಿಟ್ಟುಬಿಡಲೇ ಅಕ್ಕಾ?" ಎಂದರು. ಸ್ಟೀರಾಯ್ಡ್ ಆಗಿದ್ದರೆ ಒಮ್ಮೆಲೇ ಬಿಡುವುದು ಇನ್ನೂ ಅಪಾಯ. ಪೊಟ್ಟಣ ಸಮೇತ ಅಂದೇ ವೈದ್ಯರ ಬಳಿ ಕಳಿಸಿದೆ.

ಸರ್ಕಾರ ಪರೀಕ್ಷಿಸದೆ ಮಾರಲು ಬಿಡುತ್ತದೆಯೇ ಎಂದು ಕೇಳುತ್ತೀರಿ. ಬಹಳಷ್ಟು ಪೂರಕಗಳು ಆಹಾರವೆಂದು ಪರವಾನಗಿ ಪಡೆದವು. ರೋಗ ವಾಸಿಮಾಡುತ್ತದೆಂದು ಅವು ಸಾಬೀತು ಮಾಡಬೇಕಿಲ್ಲ, ಹಾಗೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಆಯುರ್ವೇದದ ಹೆಸರಿನಲ್ಲಿ ಬರುವ ಶಾಸ್ತ್ರೋಕ್ತ ಮದ್ದಿನ ಮಿಶ್ರಣಗಳಿಗೆ ಹಳೆಯ ಗ್ರಂಥದ ಆಧಾರವೇ ಸಾಕು. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಮೊಬೈಲ್ ತೆರೆದರೆ ಅದೇ ಜಾಹೀರಾತು.

ಆ ಹಿರಿಯರ ಡಬ್ಬಿಯನ್ನು ಬೆಳಕಿಗೆ ಹಿಡಿದು, ಮುಗಿಯುವ ದಿನಾಂಕ ಓದಲು ಇಟ್ಟುಕೊಂಡಿರುವ ಭೂತಗನ್ನಡಿಯಲ್ಲಿ ನೋಡಿದೆ. ಅರಿಶಿನದ ಸಾರ, ಕಾಳುಮೆಣಸಿನ ಸಾರ, ಬೆಳ್ಳುಳ್ಳಿ, ಗಿಂಕ್ಗೊ. ಬಾರ್‌ಕೋಡಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರ. "ಔಷಧವಾಗಿ ಬಳಸತಕ್ಕದ್ದಲ್ಲ ಎಂದು ಬರೆದಿದೆ ಯಜಮಾನರೇ" ಎಂದೆ. ಅವರು ಸುಮ್ಮನೆ ಡಬ್ಬಿಯನ್ನೇ ನೋಡಿದರು. ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿದೆ. ಎರಡು ವಾರದಿಂದ ಒಸಡಿನಲ್ಲಿ ಬರುತ್ತಿದೆ ಎಂದರು. ಅದು ಹೃದಯದ ಮಾತ್ರೆಗಳಿಂದಲೂ ಆಗಬಹುದು. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳ ಮೇಲೆ ಬೆಳ್ಳುಳ್ಳಿ, ಗಿಂಕ್ಗೊ ಸಾರ ಸೇರುವುದು ಬೇಡ. ನಾಲ್ಕೂ ಹೆಸರನ್ನು ಅವರ ಚೀಟಿಯ ಹಿಂದೆ ಬರೆದೆ, ಹೃದಯದ ವೈದ್ಯರಿಗೆ ತೋರಿಸುವವರೆಗೆ ಡಬ್ಬಿ ಮುಚ್ಚಿಡಿ, ಹೃದಯದ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಎಂದೆ.

ಸಂಜೆ ಮಗ ಫೋನ್ ಮಾಡಿದರು. ಮೊದಲು ಸಿಟ್ಟಿನಲ್ಲಿದ್ದರು, ತಿಂಗಳಿಗೆ 1,850 ರೂಪಾಯಿ ಕೊಟ್ಟು ತರಿಸುತ್ತಿದ್ದೇನೆ ಎಂದರು. ದೂರದಲ್ಲಿದ್ದುಕೊಂಡು ಅಪ್ಪನಿಗೆ ಏನಾದರೂ ಮಾಡಬೇಕೆಂಬ ಸಂಕಟ ಆ ಮಾತಿನಲ್ಲಿತ್ತು, ನನಗೆ ಅರ್ಥವಾಯಿತು. ಎಲ್ಲವನ್ನೂ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಕಳಿಸಲಿ ಮೇಡಂ?" ಎಂದು ಕೇಳಿದರು. ಮನೆಯಲ್ಲಿ ಸಕ್ಕರೆ ಅಳೆಯುವ ಯಂತ್ರದ ಪಟ್ಟಿಗಳು ಮುಗಿದು ಒಂದು ತಿಂಗಳಾಗಿದೆ, ಅವನ್ನು ಕಳಿಸಿ ಎಂದೆ.